ಪಟ್ಟಿ ಕೊಡುತ್ತೇವೆ, ಮೊದಲು ಕೆಸುವಿನ ದಂಟು ಮುರಿಯಿರಿ

ಓದುಗರ ಪತ್ರ

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಜೀವಕೋಶದ ಬಗ್ಗೆ ಬಂದ ಲೇಖನ ಓದಿದೆ. ಕಥೆಯ ಹಾಗೆ ಚೆನ್ನಾಗಿತ್ತು. ಆದರೆ ಕೋಶದ ಭಾಗಗಳು ಯಾವುವು, ಯಾವುದರ ಕೆಲಸ ಏನು ಎಂಬ ಪಟ್ಟಿಯೇ ಇರಲಿಲ್ಲ. ನನ್ನ ಮಗಳು ಮೊದಲ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅವಳಿಗೆ ಕೊಟ್ಟರೆ, "ಇದ್ರಲ್ಲಿ ಪರೀಕ್ಷೆಗೆ ಬರುವಂಥದ್ದು ಎಂತ ಉಂಟಪ್ಪ?" ಎಂದು ಕೇಳಿದಳು. ಮೈಕ್ರೋಸ್ಕೋಪಿನಲ್ಲಿ ನೋಡಿ, ನೋಡಿ ಎಂದು ಬರೆದಿದ್ದೀರಿ. ಬ್ಯಾಂಕ್ ನೌಕರನ ಮನೆಯಲ್ಲಿ ಅದು ಎಲ್ಲಿಂದ ಬರಬೇಕು? ಯೂಟ್ಯೂಬಿನಲ್ಲಿ ಒಳ್ಳೆಯ ಅನಿಮೇಷನ್‌ಗಳಿವೆ, ಎಲ್ಲವೂ ಬಣ್ಣ ಬಣ್ಣವಾಗಿ ಸ್ಪಷ್ಟ ಕಾಣುತ್ತದೆ. ದಯವಿಟ್ಟು ಒಂದು ಪುಟದಲ್ಲಿ ಚಿತ್ರ ಮತ್ತು ಪಟ್ಟಿ ಕೊಡಿ.
– ಒಬ್ಬ ಓದುಗ, ಕಿನ್ನಿಮುಲ್ಕಿ, ಉಡುಪಿ

ಸಂಪಾದಕರ ಉತ್ತರ

ನೀವು ಹೇಳುವುದರಲ್ಲಿ ನ್ಯಾಯ ಇದೆ. ಪರೀಕ್ಷೆ ಬರೆಯುವ ಹುಡುಗಿಗೆ ಪಟ್ಟಿ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದ್ದರಿಂದ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇನೆ. ಹೊರಗೆ ಕೋಶಪೊರೆ, ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು ಎಂಬುದು ಅದರ ಜವಾಬ್ದಾರಿ. ಕೋಶಕೇಂದ್ರದಲ್ಲಿ ಡಿಎನ್‌ಎ. ರೈಬೊಸೋಮಿನಲ್ಲಿ ಪ್ರೋಟೀನು ತಯಾರಾಗುತ್ತದೆ, ಗಾಲ್ಜಿ ಅದನ್ನು ವಿಂಗಡಿಸಿ ಕಳಿಸುತ್ತದೆ, ಲೈಸೋಸೋಮು ಹಳತಾದದ್ದನ್ನು ಒಡೆಯುತ್ತದೆ, ಮೈಟೊಕಾಂಡ್ರಿಯ ಆಹಾರದಿಂದ ಶಕ್ತಿ ತೆಗೆಯುತ್ತದೆ. ಗಿಡದ ಕೋಶವಾದರೆ ಜತೆಗೆ ಸೆಲ್ಯುಲೋಸಿನ ಗೋಡೆ, ದೊಡ್ಡದೊಂದು ರಸದಾನಿ, ಪತ್ರಹರಿತ್ತು ತುಂಬಿದ ಕ್ಲೋರೊಪ್ಲಾಸ್ಟು. ಆಯ್ತಲ್ಲ? ಐದು ಮಾರ್ಕು ಬಂತು.

ಈಗ ನನ್ನ ಮಾತು ಕೇಳಿ ಮಾರಾಯ್ರೆ. ಈ ಎಲ್ಲ ಸಾಮಾನು ಒಟ್ಟಿಗೆ ಜೋಡಿಸಿಟ್ಟ ಆ ಪಠ್ಯಪುಸ್ತಕದ ಕೋಶ ಇದೆಯಲ್ಲ, ನಡುವೆ ಹಳದಿ ಉಂಡೆ ಇಟ್ಟ ಆಮ್ಲೆಟ್ಟಿನ ಹಾಗೆ ಕಾಣುವ ಚಿತ್ರ, ಅಂಥ ಕೋಶ ನಿಮ್ಮ ಮೈಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಮ್ಮ ಶರೀರದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ ಎಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಬರೀ ಕೆಂಪು ರಕ್ತಕಣಗಳು. ಬೆಳೆದ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ. ಮೈಟೊಕಾಂಡ್ರಿಯವೂ ಇಲ್ಲ. ನೀವು ಕೇಳಿದ ಪಟ್ಟಿಯ ಮುಕ್ಕಾಲು ಪಾಲು ಅದರಲ್ಲಿ ಇಲ್ಲವೇ ಇಲ್ಲ! ಮೂಳೆಯ ಮಜ್ಜೆಯಲ್ಲಿ ಹುಟ್ಟುವಾಗ ಇರುವ ಕೋಶಕೇಂದ್ರವನ್ನು ಹೊರಗೆ ತಳ್ಳಿ, ಒಳಗೆಲ್ಲ ಹಿಮೋಗ್ಲೋಬಿನ್ ತುಂಬಿಕೊಂಡು, ಸುಮಾರು 120 ದಿನ ಆಮ್ಲಜನಕ ಹೊತ್ತು ತಿರುಗಿ ಮುಗಿಯುವ ಜೀವ ಅದು. ನಡುಭಾಗ ತಗ್ಗಾಗಿ ಇರುವುದರಿಂದ ಮಡಚಿಕೊಳ್ಳಬಲ್ಲದು, ತನಗಿಂತ ಇಕ್ಕಟ್ಟಾದ ನಾಳದಲ್ಲೂ ನುಸುಳಬಲ್ಲದು. ಹೃದಯದ ಸ್ನಾಯುಕೋಶಕ್ಕೆ ಹೋದರೆ ಎಲ್ಲ ಉಲ್ಟಾ. ಅಲ್ಲಿ ಮೂರರಲ್ಲೊಂದು ಪಾಲು ಜಾಗವನ್ನು ಮೈಟೊಕಾಂಡ್ರಿಯವೇ ಹಿಡಿದಿರುತ್ತದೆ, ಯಾಕೆಂದರೆ ಆ ಕೋಶಕ್ಕೆ ರಜೆ ಎಂಬುದೇ ಇಲ್ಲ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ನರಕೋಶದ ಎಳೆ ಒಂದು ಮೀಟರು ಉದ್ದ ಇರಬಹುದು. ಕೆಲಸ ಹೇಗೋ ಆಕಾರ ಹಾಗೆ. ಈ ಒಂದು ಮಾತು ತಲೆಗೆ ಹೋದರೆ ಪಟ್ಟಿ ತಾನಾಗಿ ನೆನಪಿರುತ್ತದೆ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಈ ಮಾತು ತಲೆಗೆ ಹೋಗುವುದು ಕಷ್ಟ. ನನ್ನ ತಕರಾರು ಇಷ್ಟೇ.

ನಮ್ಮ ಕರಾವಳಿಯವರಿಗಂತೂ ಈ ಪಾಠ ರಕ್ತದಲ್ಲೇ ಆಗಿದೆ. ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಮೇಲೆ ಮಲೇರಿಯವೂ ಎದ್ದು ಕೂತಿತು. ಕಾಂಕ್ರೀಟಿಗೆ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಟ್ಯಾಂಕು, ಬಾವಿ. ಈಗ ಬಹಳ ಕಡಿಮೆಯಾಗಿದೆ, ಆದರೆ ಒಂದು ಕಾಲದಲ್ಲಿ ಜ್ವರ ಎಂದರೆ ಮೊದಲು ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ಹನಿ ರಕ್ತ ಸವರಿಸಿಕೊಂಡು ಬರುವುದೇ ಆಗಿತ್ತು. ಆ ಗಾಜು ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಏನು ನೋಡುತ್ತಾರೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ನಾನು ಒಮ್ಮೆ ಲ್ಯಾಬಿನ ಹುಡುಗನ ಹತ್ತಿರ ಕೇಳಿ ಇಣುಕಿದ್ದೆ. ಎಣ್ಣೆಯ ಹನಿ ಹಾಕಿ ನೋಡುವ ದೊಡ್ಡ ಲೆನ್ಸು. ಮಸುಕು ಗುಲಾಬಿ ಬಣ್ಣದ ದುಂಡು ದುಂಡು ಕಣಗಳು, ನಡುವೆ ತಿಳಿ. ನಡುನಡುವೆ ಎಲ್ಲೋ ಒಂದು ಕಣದೊಳಗೆ ನೀಲಿ ಉಂಗುರ, ಉಂಗುರದ ಒಂದು ಬದಿಗೆ ಕೆಂಪು ಹರಳು ಕೂರಿಸಿದ ಹಾಗೆ ಚುಕ್ಕೆ. ಅದೇ ಮಲೇರಿಯದ ಪರಾವಲಂಬಿ. ಅದೂ ಒಂದೇ ಒಂದು ಕೋಶ. ಕೋಶದೊಳಗೆ ಇನ್ನೊಂದು ಕೋಶ ಹೊಕ್ಕು, ಅದರ ಹಿಮೋಗ್ಲೋಬಿನ್ ತಿಂದು, ಮರಿ ಮಾಡಿ, ಒಡೆದು ಹೊರಗೆ ಬರುತ್ತದೆ. ನಮ್ಮಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಜಾತಿಗೆ ಇದಕ್ಕೆ 48 ಗಂಟೆ ಬೇಕು. ದಿನ ಬಿಟ್ಟು ದಿನ ಚಳಿ ಹಿಡಿದು ನಡುಗುವುದು ಅದಕ್ಕೇ. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೇನಾ ವೈದ್ಯ ಇದನ್ನು ಮೊದಲು ರಕ್ತದಲ್ಲಿ ಕಂಡ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡ. ಇಬ್ಬರೂ ಕಣ್ಣು ನೋಯುವಷ್ಟು ಹೊತ್ತು ಲೆನ್ಸಿಗೆ ಕಣ್ಣಿಟ್ಟು ಕೂತವರು.

ಅನಿಮೇಷನ್ ಬಗ್ಗೆ ಹೇಳಿದಿರಿ. ನಾನೂ ನೋಡುತ್ತೇನೆ, ಚೆನ್ನಾಗಿಯೇ ಮಾಡಿರುತ್ತಾರೆ. ಆದರೆ ಅದರಲ್ಲಿ ಕೇಸರಿ ಮೈಟೊಕಾಂಡ್ರಿಯ, ನೇರಳೆ ಕೋಶಕೇಂದ್ರ, ನಡುವೆ ಬೇಕಾದಷ್ಟು ಖಾಲಿ ಜಾಗ. ನಿಜವಾದ ಕೋಶದೊಳಗೆ ಅಷ್ಟು ಖಾಲಿ ಜಾಗ ಎಲ್ಲಿಂದ ಬರಬೇಕು? ಪ್ರೋಟೀನುಗಳು ಒಂದಕ್ಕೊಂದು ಒತ್ತಿಕೊಂಡು ತುಂಬಿರುತ್ತವೆ. ಇನ್ನು ಬಣ್ಣ? ಈರುಳ್ಳಿಯ ಒಳಪೊರೆ ಎತ್ತಿ ನೋಡಿದರೆ ಗಾಜಿನ ಇಟ್ಟಿಗೆ ಜೋಡಿಸಿದ ಹಾಗೆ ಎಲ್ಲ ಪಾರದರ್ಶಕ. ಅಯೋಡಿನ್ ಅಥವಾ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿದ ಮೇಲೆಯೇ ಕೋಶಕೇಂದ್ರ ಕಣ್ಣಿಗೆ ಬೀಳುವುದು. ಅನಿಮೇಷನ್ ನೋಡಿ ಬಂದ ಮಗು ನಿಜವಾದ ಕೋಶ ನೋಡಿ "ಇದರಲ್ಲಿ ಏನೂ ಇಲ್ವಲ್ಲ" ಅನ್ನುತ್ತದೆ. ತಪ್ಪು ಮಗುವಿನದಲ್ಲ.

ಮೈಕ್ರೋಸ್ಕೋಪು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಬರೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ನಮ್ಮ ದೇಶದವರೇ ಆದ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ತಂಡ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪನ್ನು 2014ರಲ್ಲಿ ಜಗತ್ತಿಗೆ ತೋರಿಸಿದರು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಪುಸ್ತಕದೊಳಗೆ ಇಟ್ಟುಕೊಂಡು ಹೋಗಬಹುದು. ಮಲೇರಿಯದ ಉಂಗುರ ನೋಡಲು ಅದು ಸಾಲದು, ಆದರೆ ಗಿಡದ ಕೋಶಕ್ಕೆ ಧಾರಾಳ ಸಾಕು. ಅದಿರಲಿ, ನಿಮ್ಮ ಮಗಳ ಕಾಲೇಜಿನ ಲ್ಯಾಬು ಇದೆಯಲ್ಲ, ಮೊದಲು ಅಲ್ಲಿ ಕೇಳಿಸಿ.

ನೋಡಲಿಕ್ಕೆ ಏನು ತಗೊಂಡು ಹೋಗುವುದು? ಮಳೆಗಾಲ ಬಂತಲ್ಲ, ಬಾವಿಕಟ್ಟೆಯ ಹತ್ತಿರ ಕೆಸು ಎದ್ದಿರುತ್ತದೆ. ಪತ್ರೊಡೆ ಮಾಡುವಾಗ ನಿಮ್ಮ ಮನೆಯವರು ಹುಣಸೆಹುಳಿ ಜಾಸ್ತಿ ಹಾಕಿ ಹಬೆಯಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ಯಾಕೆ ಎಂದರೆ ಬಾಯಿ ತುರಿಸಬಾರದು ಎಂದು. ಆ ತುರಿಕೆ ಎಲ್ಲಿಂದ ಬರುತ್ತದೆ? ಕೆಸುವಿನ ದಂಟು ಮುರಿದು, ಗಾಜಿನ ಮೇಲೆ ಒಂದು ಹನಿ ನೀರಿಗೆ ಅದರ ರಸ ಸೇರಿಸಿ ಸಣ್ಣ ಲೆನ್ಸಿನಲ್ಲೇ ನೋಡಲಿ. ಎರಡೂ ತುದಿ ಚೂಪಾದ ಉದ್ದನೆ ಕೋಶಗಳು ಸಿಗುತ್ತವೆ. ಅದರೊಳಗೆ ಕಟ್ಟು ಕಟ್ಟಿ ಇಟ್ಟ ಸೂಜಿಗಳು, ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು. ಸ್ವಲ್ಪ ಹೊತ್ತು ಕಣ್ಣು ತೆಗೆಯದೆ ಕಾದರೆ, ನೀರು ಹೀರಿದ ಕೋಶದ ತುದಿಯಿಂದ ಒಂದೊಂದೇ ಸೂಜಿ ಪಟಪಟನೆ ಹೊರಗೆ ಚಿಮ್ಮುವುದು ಕಾಣುತ್ತದೆ. ಎಲೆ ತಿನ್ನಲು ಬಂದವನ ನಾಲಿಗೆಗೆ ಚುಚ್ಚಲೆಂದೇ ಇಟ್ಟುಕೊಂಡ ಕೋಶ ಅದು. ಹೀಗೊಂದು ಕೋಶ ಇದೆ ಎಂದು ನಿಮ್ಮ ಒಂದು ಪುಟದ ಪಟ್ಟಿಯಲ್ಲಿ ಯಾರು ಹಾಕುತ್ತಾರೆ, ಹೇಳಿ.

ಇನ್ನೊಂದು ರಿಯೋ ಗಿಡದ ಎಲೆ. ಮೇಲೆ ಹಸಿರು, ಅಡಿ ನೇರಳೆ, ಅಂಗಳದ ಅಂಚಿಗೆ ಎಷ್ಟೋ ಮನೆಗಳಲ್ಲಿ ನೆಟ್ಟಿರುತ್ತಾರೆ. ಅಡಿಯ ನೇರಳೆ ಪೊರೆ ಎಳೆದು ನೋಡಿದರೆ ಒಂದೊಂದು ಕೋಶವೂ ನೇರಳೆ ರಸ ತುಂಬಿಕೊಂಡು ಗೋಡೆಗೆ ಒತ್ತಿಕೊಂಡಿರುತ್ತದೆ. ಒಂದು ಹನಿ ಗಟ್ಟಿ ಉಪ್ಪುನೀರು ಬಿಟ್ಟು ನೋಡುತ್ತಾ ಕೂತರೆ, ನೇರಳೆ ಮೆಲ್ಲಗೆ ಗೋಡೆ ಬಿಟ್ಟು ಒಳಕ್ಕೆ ಸರಿಯುತ್ತದೆ. ಮೊದಲು ಮೂಲೆ ಬಿಡುತ್ತದೆ, ಆಮೇಲೆ ಬದಿ, ಕೊನೆಗೆ ನಡುವೆ ಒಂದು ನೇರಳೆ ಉಂಡೆ ಮಾತ್ರ. ಗೋಡೆ ಮಾತ್ರ ಇದ್ದ ಹಾಗೇ ಇರುತ್ತದೆ. ಪೊರೆ ಬೇರೆ, ಗೋಡೆ ಬೇರೆ ಎಂದು ಇದನ್ನು ನೋಡಿದ ಮಗುವಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮನೆಯ ಭರಣಿಯಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕಿಟ್ಟಾಗ ಆಗುವುದೂ ಇದೇ. ಕೋಶದ ನೀರು ಉಪ್ಪಿನ ಕಡೆಗೆ ಇಳಿದು ಮಿಡಿ ಚಿರುಟುತ್ತದೆ. ಉಪ್ಪು ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ, ಯಾಕೆಂದರೆ ಬೂಷ್ಟಿನ ಕೋಶದಿಂದ ನೀರು ಎಳೆಯುವಷ್ಟು ಉಪ್ಪು ಅಲ್ಲಿಲ್ಲ.

ತಮಾಷೆ ಎಂದರೆ ಈ ರಿಯೋ ಎಲೆಯ ಪ್ರಯೋಗ ಪಿಯುಸಿ ಪ್ರಾಕ್ಟಿಕಲ್ಲಿನಲ್ಲೇ ಇದೆ. ಆದರೆ ಎಷ್ಟೋ ಕಡೆ ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ಬುಕ್ ನೋಡಿ ಚಿತ್ರ ಬಿಡಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಒಂದು ಶಾಲೆಗೆ ಹೋಗಿದ್ದಾಗ ಮೈಕ್ರೋಸ್ಕೋಪು ತೋರಿಸಿ ಎಂದೆ. ಬೀರುವಿನ ಬೀಗದ ಕೈ ಹುಡುಕಲಿಕ್ಕೇ ಬಹಳ ಹೊತ್ತು ಬೇಕಾಯಿತು. "ಮಕ್ಕಳ ಕೈಗೆ ಕೊಟ್ರೆ ಹಾಳು ಮಾಡ್ತಾರೆ ಸಾರ್" ಎಂದರು. ಹೊರಗೆ ತೆಗೆದರೆ ಲೆನ್ಸಿನ ಮೇಲೆ ಜೇಡರ ಬಲೆಯಂಥ ಎಳೆಗಳು. ನಮ್ಮ ಮಳೆಗಾಲದ ತೇವಕ್ಕೆ ಹಿಡಿದ ಬೂಷ್ಟು! ಮಕ್ಕಳು ಮುಟ್ಟಬಾರದೆಂದು ಇಟ್ಟ ಗಾಜಿನ ಮೇಲೆ ಅದು ಆರಾಮವಾಗಿ ಕೋಶದ ಮೇಲೆ ಕೋಶ ಬೆಳೆಸಿಕೊಂಡು ಕೂತಿತ್ತು. ಪಿಯುಸಿ ಫಲಿತಾಂಶ ಬಂದಾಗ ನಮ್ಮ ಎರಡು ಜಿಲ್ಲೆಗಳು ಮೇಲಿನ ಸ್ಥಾನದಲ್ಲಿವೆ ಎಂದು ಹೆಚ್ಚಿನ ವರ್ಷ ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ. ನನಗೂ ಸಂತೋಷವೇ. ಆ ದಿನ ಫೋಟೋದಲ್ಲಿ ಲಡ್ಡು ತಿನ್ನುವ ಮಕ್ಕಳಲ್ಲಿ ಎಷ್ಟು ಮಂದಿ ತಾವೇ ಫೋಕಸ್ ಮಾಡಿ ಒಂದು ಕೋಶ ನೋಡಿದ್ದಾರೆ ಎಂದು ಕೇಳಬೇಕೆನಿಸುತ್ತದೆ, ಕೇಳಿದರೆ ಸಿಹಿ ಕಹಿಯಾದೀತೆಂದು ಸುಮ್ಮನಿರುತ್ತೇನೆ.

ನೀವು ಬ್ಯಾಂಕಿನವರು ಎಂದಿದ್ದಕ್ಕೆ ಒಂದು ಮಾತು. ಕೋಶಗಳ ಲೋಕದ ಬಾಗಿಲು ತೆರೆದವರಲ್ಲಿ ದೊಡ್ಡ ಹೆಸರು ಲೀವೆನ್‌ಹುಕ್. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ನಿಮ್ಮ ಹಾಗೆಯೇ ಲೆಕ್ಕದ ಮನುಷ್ಯ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ಒಂದು ಕಾಲದಲ್ಲಿ ಊರಿಗೆ ಬರುವ ದ್ರಾಕ್ಷಾರಸದ ಪೀಪಾಯಿ ಅಳೆಯುವ ಅಧಿಕಾರಿಯೂ ಆಗಿದ್ದ! ತಾನೇ ಉಜ್ಜಿ ಮಾಡಿದ ಸಣ್ಣ ಲೆನ್ಸುಗಳಲ್ಲಿ 1674ರಲ್ಲಿ ಸರೋವರದ ನೀರು ನೋಡಿದ, ರಕ್ತಕಣ ನೋಡಿದ, 1683ರಲ್ಲಿ ಹಲ್ಲಿನ ಸಂದಿಯ ಕೊಳೆ ಕೆರೆದು ನೋಡಿ ಬ್ಯಾಕ್ಟೀರಿಯಗಳ ಬಗ್ಗೆ ಬರೆದ. ಎಲ್ಲವನ್ನೂ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಸುಮಾರು 50 ವರ್ಷ ಪತ್ರ ಬರೆದೇ ತಿಳಿಸಿದ, ಅದೂ ತನ್ನ ಡಚ್ ಭಾಷೆಯಲ್ಲಿ. ಇಂಗ್ಲಿಷ್ ಬೇಕಾದವರು ಅನುವಾದ ಮಾಡಿಸಿಕೊಂಡರು.

ನಮ್ಮಲ್ಲಿ? ಕೋಟದ ಶಿವರಾಮ ಕಾರಂತರು ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಹೋದವರು. ಅಂಥವರು ಪುತ್ತೂರಿನಲ್ಲಿ ಕೂತು ಮಕ್ಕಳಿಗೂ ದೊಡ್ಡವರಿಗೂ ಕನ್ನಡದಲ್ಲಿ ವಿಜ್ಞಾನದ ದಪ್ಪ ದಪ್ಪ ಸಂಪುಟಗಳನ್ನೇ ಬರೆದರು. ಇಂದು ಊರಿಗೊಂದು ಬಯಾಲಜಿ ಸ್ನಾತಕೋತ್ತರ ಪದವೀಧರರಿದ್ದಾರೆ. ಕನ್ನಡದಲ್ಲಿ ಕೋಶದ ಬಗ್ಗೆ ಎರಡು ಪುಟ ಬರೆದುಕೊಡಿ ಎಂದರೆ "ಸಾರ್, ಇಂಗ್ಲಿಷಿನಲ್ಲಾದರೆ ಆಗಬಹುದಿತ್ತು" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ನೋಟ್ಸ್ ಕಳಿಸುತ್ತಾರೆ. ಒಳಗೆ ಅದೇ ಪಟ್ಟಿ. ಕಳೆದ ಸಂಚಿಕೆಯ ಲೇಖಕರು ಹಾಗೆ ಮಾಡದೆ ತಾವು ನೋಡಿದ್ದನ್ನು ಬರೆದರು, ಅದಕ್ಕೇ ನಾನು ಅದಕ್ಕೆ ನಾಲ್ಕು ಪುಟ ಬಿಟ್ಟುಕೊಟ್ಟೆ. ನೀವು ಬೈದಿರಿ. ಇರಲಿ, ಓದಿ ಬೈಯುವವರಾದರೂ ಇದ್ದಾರಲ್ಲ.

ನಿಮ್ಮ ಮಗಳ ಪ್ರಶ್ನೆಯ ಮೇಲೆ ನನಗೆ ಕೋಪ ಇಲ್ಲ. "ಎಂತ ಉಂಟಪ್ಪ" ಎಂದು ಕೇಳುವವಳು ಚುರುಕು ಹುಡುಗಿ. ಅವಳೇ ಕೆಸುವಿನ ರಸ ನೋಡಿ ಚಿತ್ರ ಬಿಡಿಸಿ ಕಳಿಸಲಿ, ನಾವು ಅವಳ ಹೆಸರು ಹಾಕಿ ಅಚ್ಚು ಮಾಡುತ್ತೇವೆ. ದಂಟು ಮುರಿಯುವಾಗ ಕೈ ತುರಿಸಿದರೆ ಹುಣಸೆಹುಳಿ ಉಜ್ಜಿಕೊಳ್ಳಲಿ. ನೀವು ಕೇಳಿದ ಚಿತ್ರ ಮತ್ತು ಪಟ್ಟಿಯೂ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಪುಟ ಸಾಲದಿದ್ದರೆ ವಾರಭವಿಷ್ಯದಿಂದ ಅರ್ಧ ಪುಟ ಕತ್ತರಿಸುತ್ತೇನೆ. ಆಗ ಬರುವ ಬೈಗುಳದ ಪತ್ರಗಳನ್ನು ಮಾತ್ರ ಕಿನ್ನಿಮುಲ್ಕಿಗೆ ರವಾನಿಸುತ್ತೇನೆ, ಉತ್ತರ ನೀವೇ ಬರೆಯಬೇಕು.

– ಸಂ.