ಮನಸ್ಸು ಓಡಿದ್ದು ಗೊತ್ತಾದ ಕ್ಷಣವೇ ಅಭ್ಯಾಸ

ಪ್ರಶ್ನೆ: ನನಗೆ 36 ವರ್ಷ. ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಕಳೆದ ವರ್ಷ ಮನೋವೈದ್ಯರು ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಸುವ ತೊಂದರೆ) ಇದೆಯೆಂದು ತಿಳಿಸಿ ಮಾತ್ರೆ ಆರಂಭಿಸಿದರು. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವಾಗ ಈಗಲೂ ಒಮ್ಮೊಮ್ಮೆ ಸಾಲು ತಪ್ಪುತ್ತದೆ. ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ) ಧ್ಯಾನದಿಂದ ಮಿದುಳೇ ಬದಲಾಗುತ್ತದೆ, ಮಾತ್ರೆ ಬಿಡಬಹುದು ಎಂದು ಸ್ನೇಹಿತರು ಹೇಳುತ್ತಾರೆ. ನನಗೋ ಎರಡು ನಿಮಿಷ ಕಣ್ಣು ಮುಚ್ಚಿ ಕೂರಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಧ್ಯಾನವು ಔಷಧದ ಜೊತೆಗೆ ನಡೆಯಬೇಕಾದ ಅಭ್ಯಾಸವೇ ಹೊರತು ಅದಕ್ಕೆ ಬದಲಿಯಲ್ಲ.

ಕೈಯಲ್ಲಿ ಕೆಲಸವಿಲ್ಲದಾಗ, ನಿನ್ನೆಯದನ್ನು ನೆನೆಯುತ್ತಾ ನಾಳೆಯದನ್ನು ಕಲ್ಪಿಸಿಕೊಳ್ಳುತ್ತಾ ಇರುವಾಗ ಚುರುಕಾಗುವ ಒಂದು ಜಾಲ ನಮ್ಮ ಮಿದುಳಿನಲ್ಲಿದೆ; ಅದನ್ನು ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಎನ್ನುತ್ತಾರೆ. ಕೆಲಸಕ್ಕೆ ಕೂತಾಗ ಅದು ತಗ್ಗಬೇಕು. ಎಡಿಎಚ್‌ಡಿ ಇರುವವರಲ್ಲಿ ಅದು ಸಾಕಷ್ಟು ತಗ್ಗುವುದಿಲ್ಲವೆಂದು ಹಲವು ಅಧ್ಯಯನಗಳು ಸೂಚಿಸಿವೆ. ಹಾಗಾಗಿ ಹೆಸರಿನ ಮುಂದೆ ಹಾಜರಿ ಹಾಕುತ್ತಿರುವಾಗಲೇ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಇದನ್ನು ಸೋಮಾರಿತನವೆಂದು ದಯವಿಟ್ಟು ಭಾವಿಸಬೇಡಿ. ಧ್ಯಾನದಲ್ಲಿ ಮನಸ್ಸು ಓಡುವುದು ಸೋಲಲ್ಲ. ಓಡಿದ್ದನ್ನು ಗುರುತಿಸಿ ಉಸಿರಿನ ಕಡೆಗೆ ಮರಳಿ ತರುವ ಆ ಕ್ಷಣದಲ್ಲಿ, ಗಮನವನ್ನು ನಿಯಂತ್ರಿಸುವ ಮುಂಭಾಗದ ಮಿದುಳಿನ ಭಾಗಗಳಿಗೆ ಕೆಲಸ ಸಿಗುತ್ತದೆ. ಎರಡು ನಿಮಿಷದಲ್ಲಿ ಹತ್ತು ಬಾರಿ ಓಡಿ ಹತ್ತು ಬಾರಿ ಮರಳಿದರೆ ಹತ್ತು ಬಾರಿ ಅಭ್ಯಾಸ ಮಾಡಿದಂತೆಯೇ.

ಇದರ ಫಲ ಎಷ್ಟು? 2008ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್‌ನ ಅಧ್ಯಯನವೊಂದರಲ್ಲಿ 24 ವಯಸ್ಕರು ಮತ್ತು 8 ಹದಿಹರೆಯದವರು 8 ವಾರ ಅಭ್ಯಾಸ ಮಾಡಿದಾಗ ಲಕ್ಷಣಗಳು ತಗ್ಗಿದವು. ಆದರೆ ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ಮುಂದೆ ನೆದರ್‌ಲೆಂಡ್ಸ್‌ನಲ್ಲಿ 120 ವಯಸ್ಕರನ್ನು ಎರಡು ಗುಂಪು ಮಾಡಿ ನೋಡಿದಾಗ, ಎಂದಿನ ಚಿಕಿತ್ಸೆಯೊಡನೆ ಧ್ಯಾನವನ್ನೂ ಕಲಿತವರು ಹೆಚ್ಚು ಸುಧಾರಿಸಿದ್ದರು. ಜರ್ಮನಿಯ ಅಧ್ಯಯನದಲ್ಲಾದರೋ, ತಮ್ಮ ತೊಂದರೆಯ ಬಗ್ಗೆ ಕ್ರಮಬದ್ಧ ತಿಳಿವಳಿಕೆ ಪಡೆದವರಿಗೂ ಧ್ಯಾನ ಕಲಿತವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಉಪಯೋಗವಿದೆ ಎನ್ನುವೆನೇ ಹೊರತು ಮಿದುಳೇ ಬದಲಾಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ.

ಕೂರಲಾಗದಿದ್ದರೆ ನಡೆಯಿರಿ. ಲಾಸ್ ಏಂಜಲೀಸ್‌ನ ಅಭ್ಯಾಸವೂ 5 ನಿಮಿಷದಿಂದಲೇ ಆರಂಭವಾಗಿತ್ತು, ಕೂರಲಾಗದವರಿಗೆ ನಡಿಗೆಯ ಧ್ಯಾನವೂ ಇತ್ತು. ಬೆಳಿಗ್ಗೆ ಆಳುಗಳು ಬರುವ ಮೊದಲು ಕಾಫಿ ಕಣದ ಅಂಚಿನಲ್ಲಿ ಬರಿಗಾಲಲ್ಲಿ ನಿಧಾನವಾಗಿ ಹೆಜ್ಜೆ ಹಾಕಿ. ಹಿಮ್ಮಡಿ ತಣ್ಣನೆಯ ಸಿಮೆಂಟಿಗೆ ತಾಗುವುದು, ಭಾರ ಬೆರಳುಗಳತ್ತ ಸರಿಯುವುದು, ಇಷ್ಟನ್ನೇ ಗಮನಿಸಿ. ಇದರಿಂದ ಆತಂಕ ಹೆಚ್ಚಿದರೆ ಅಥವಾ ನಿದ್ರೆ ಕೆಟ್ಟರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ತುರ್ತಾಗಿ ಯಾರೊಡನಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಚೆಕ್‌ರೋಲ್ ಬರೆಯುವಾಗ ಪ್ರತಿ ಪುಟ ತಿರುವುವ ಮುನ್ನ ಪೆನ್ನು ಕೆಳಗಿಟ್ಟು ಮೂರು ಉಸಿರು ಗಮನಿಸಿ. ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡೇ ಬರೆಯಿರಿ. ಧ್ಯಾನ ಕಲಿತ ಮೇಲೂ ಅದನ್ನು ಬಿಡಬೇಡಿ.