ಕಾಸರಗೋಡಿನ ಕನ್ನಡವನ್ನು ಉಳಿಸಿದ ಜಗಲಿಗಳು

ಕೇರಳದ ಕಾಸರಗೋಡಿನಲ್ಲಿ ಕನ್ನಡದ ಹೆಸರಾಂತ ವ್ಯಕ್ತಿಗಳು ಯಾರು, ಕಲೆಗೆ ಯಾವ ಸಂಸ್ಥೆಗಳಿವೆ ಎಂದು ಕೇಳಿದ್ದೀರಿ. ಹೊರಗಿನವರು ಸಾಮಾನ್ಯವಾಗಿ ಎರಡು ಹೆಸರುಗಳನ್ನು ಬಲ್ಲರು: 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಮಂಜೇಶ್ವರದ ಗೋವಿಂದ ಪೈ, ಮತ್ತು 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೆ ಅದರ ವಿರುದ್ಧ ಬಾಳಿಡೀ ದನಿಯೆತ್ತಿ, ನೂರು ತುಂಬಿಸಿ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈ. ಇಬ್ಬರೂ ದೊಡ್ಡವರೇ, ಮಂಜೇಶ್ವರದಲ್ಲಿ ಪೈಗಳ ಮನೆ ‘ಗಿಳಿವಿಂಡು’ ಎಂಬ ಸ್ಮಾರಕವೂ ಆಗಿದೆ. ಆದರೆ ಇಲ್ಲಿನ ಕನ್ನಡ ಬಾಯಿಂದ ಬಾಯಿಗೆ ಉಳಿದದ್ದಕ್ಕೆ ಕವಿಗಳಿಗಿಂತಲೂ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯ ಋಣವೇ ಹೆಚ್ಚೆಂದು ನನ್ನ ಎಣಿಕೆ.

ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಅದಕ್ಕೆ ಸ್ಥಳದಲ್ಲೇ ಮಾತು ಕಟ್ಟುತ್ತ, ವಾದಕ್ಕೆ ಪ್ರತಿವಾದ ಹೂಡುತ್ತ ಹೋಗುತ್ತಾರೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಹವ್ಯಕ, ಕರಾಡ ಎಂದು ಬೇರೆಬೇರೆ ನುಡಿಯಾಡುವವರು ಈ ಚಾವಡಿಯಲ್ಲಿ ಕುಳಿತೊಡನೆ ಆಡುವುದು ಗ್ರಂಥಸ್ಥ ಕನ್ನಡವನ್ನೇ. ಶಾಲೆಯಲ್ಲಿ ಕನ್ನಡ ಕಲಿಯದ ಹುಡುಗನಿಗೂ ‘ವಾಲಿಸಂಹಾರ’ದ ತರ್ಕ ಕಿವಿಗೆ ಬಿದ್ದಿರುತ್ತದೆ. ಈ ಕಲೆಯ ಎತ್ತರವನ್ನು ಅಳೆಯಬೇಕಾದರೆ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಸಾಕು. ವಾಲಿ, ರಾವಣ, ಮಾಗಧ (ಜರಾಸಂಧ)ರಂಥ ಸೋಲುವ ಪಾತ್ರಗಳ ಪಕ್ಷವನ್ನು ಅವರು ಮಂಡಿಸುತ್ತಿದ್ದಾಗ ಗೆಲ್ಲುವವನೇ ಉತ್ತರಕ್ಕೆ ತಡಕಾಡಬೇಕಾಗುತ್ತಿತ್ತು. ಅದೇ ಶೇಣಿಯವರು ಮುಸ್ಲಿಂ ವ್ಯಾಪಾರಿ ಬಪ್ಪಬ್ಯಾರಿಯ ಪಾತ್ರದಲ್ಲಿಯೂ ಮನೆಮಾತಾದರು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿಗೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟನೆಂದು ನಾವು ನೆನೆಯುವ ಪಾರ್ತಿಸುಬ್ಬನೂ ಇಲ್ಲಿನ ಕುಂಬಳೆಯವನೇ.

ಸಂಸ್ಥೆಯೆಂದರೆ ಮೊದಲು ಹೇಳಬೇಕಾದದ್ದು ಎಡನೀರು ಮಠ. ಕಾನೂನು ಓದಿದವರಿಗೆ ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳು ಒಂದು ಮೊಕದ್ದಮೆಯ ಹೆಸರು: ಕೇರಳದ ಭೂಸುಧಾರಣೆಯ ವಿರುದ್ಧ ಅವರು ಹೂಡಿದ ದಾವೆಯಲ್ಲಿ ಹದಿಮೂರು ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪಿತ್ತು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂದಿತು. ನಮಗಾದರೋ ಅವರು ಸ್ವತಃ ಹಾಡುತ್ತಿದ್ದ, ಯಕ್ಷಗಾನ ಮೇಳಕ್ಕೆ ಆಶ್ರಯವಿತ್ತ, ಚಾತುರ್ಮಾಸ್ಯದ ದಿನಗಳಲ್ಲಿ ಮಠದ ಅಂಗಳವನ್ನೇ ಕಲಾವಿದರಿಗೆ ಬಿಟ್ಟುಕೊಟ್ಟ ಗುರುಗಳು. 2020ರಲ್ಲಿ ಅವರು ತೀರಿಕೊಂಡಾಗ ದೆಹಲಿಯ ಪತ್ರಿಕೆಗಳು ಮೊದಲಿನ ಸಂಗತಿಯನ್ನಷ್ಟೇ ಬರೆದವು, ಅದು ಸಹಜವೂ ಹೌದು.

ಕಲೆಯಾಚೆಗೂ ಹೇಳುವುದಾದರೆ, ವಿಜ್ಞಾನಕ್ಕೆ 1916ರಲ್ಲಿ ತೆಂಗಿನ ಸಂಶೋಧನಾ ಠಾಣೆಯಾಗಿ ಆರಂಭವಾದ ಇಂದಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅಡಿಕೆ, ತೆಂಗು ಬೆಳೆಯುವ ಎಲ್ಲರಿಗೂ ಅದು ಗೊತ್ತು. ಕ್ರಿಕೆಟಿನಲ್ಲಿ ಅನಿಲ್ ಕುಂಬ್ಳೆ ಬೆಂಗಳೂರಿನವರಾದರೂ ಮನೆತನದ ಬೇರು ನಮ್ಮ ಕುಂಬಳೆಯದೆಂದು ಹೇಳಿಕೊಳ್ಳುತ್ತೇವೆ. ಊರಿನಲ್ಲೇ ಆಡಿ ಬೆಳೆದವರೆಂದರೆ ತಳಂಗರೆಯ ಮೊಹಮ್ಮದ್ ಅಝರುದ್ದೀನ್. 2021ರಲ್ಲಿ ಮುಂಬಯಿಯ ವಿರುದ್ಧ 54 ಎಸೆತಗಳಲ್ಲಿ ಅಜೇಯ 137, 2025ರ ರಣಜಿ ಸೆಮಿಫೈನಲಿನಲ್ಲಿ ಅಜೇಯ 177 ಓಟ ಗಳಿಸಿ ಕೇರಳವನ್ನು ಮೊತ್ತಮೊದಲ ಬಾರಿಗೆ ಫೈನಲಿಗೇರಿಸಿದರು. ಆ ದಿನ ಇಲ್ಲಿ ಭಾಷೆಯ ಭೇದವೆಣಿಸದೆ ಎಲ್ಲರೂ ಕೇರಳದವರೇ ಆಗಿದ್ದರು.

ನೀವು ಬರುವುದಾದರೆ ಕಾಲ ನೋಡಿಕೊಂಡು ಬನ್ನಿ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ಬಯಲಾಟ ಸಿಗುವುದು ದೀಪಾವಳಿ ಕಳೆದ ಮೇಲೆಯೇ. ತಾಳಮದ್ದಳೆಗೆ ಮಾತ್ರ ಮಳೆಗಾಲವೇ ಸುಗ್ಗಿ.