ಕಂಪ್ಯೂಟರ್ ಹೊರದೇಶಕ್ಕೆ ತರುವ ಮುಂಚೆ

ಡೆಸ್ಕ್‌ಟಾಪ್, ಲೇಸರ್ ಪ್ರಿಂಟರ್, ಯುಪಿಎಸ್, ವೈಫೈ ರೂಟರ್ ನಾಲ್ಕನ್ನೂ ತರಲಾ, ಪ್ಲಗ್ ಅಡಾಪ್ಟರ್ ಹಾಕಿದರೆ ಸಾಕಾ ಎಂದು ಕೇಳಿದ್ದೀರಿ. ಡೆಸ್ಕ್‌ಟಾಪ್ ತನ್ನಿ. ಉಳಿದ ಮೂರನ್ನು ಯಾರಿಗಾದರೂ ಕೊಟ್ಟು ಬನ್ನಿ.

ಹೊಸದಾಗಿ ಬಂದವರ ಮನೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವಾಗ ನಾನು ಮೊದಲು ನೋಡುವುದು ಲೇಬಲ್. ಅಡಾಪ್ಟರ್ ಪಿನ್ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ಯುರೋಪಿನಲ್ಲಿ 230. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಸಾಮಾನ್ಯವಾಗಿ 100-240 ಎಂದಿರುತ್ತದೆ, ಚಿಂತೆಯಿಲ್ಲ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬಿ) ಮೇಲೆ 200-240 ಅಂತಷ್ಟೇ ಇದ್ದರೆ, 120 ವೋಲ್ಟ್ ದೇಶದಲ್ಲಿ ಅದನ್ನು ಬದಲಿಸಲೇಬೇಕು. ಹಳೆಯದರ ಹಿಂಭಾಗದಲ್ಲಿ 115/230 ಎಂಬ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಅದು 115ರಲ್ಲಿದ್ದಾಗ 230ಕ್ಕೆ ಚುಚ್ಚಿದರೆ ಢಂ ಅಂತ ಸದ್ದಾಗಿ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. ವೈರ್ ಸಿಕ್ಕಿಸುವ ಮುಂಚೆಯೇ ನೋಡಿ. ಲೇಸರ್ ಪ್ರಿಂಟರಿನ ಹೀಟರ್ ಒಂದೇ ವೋಲ್ಟೇಜಿಗೆ ಮಾಡಿದ್ದು, ಯುಪಿಎಸ್ ಕೂಡ ಹಾಗೇ.

ರೂಟರ್ ವಿಷಯವೇ ಬೇರೆ. ಕರೆಂಟ್ ಸರಿಹೊಂದಿದರೂ ಕಾನೂನು ಹೊಂದದಿರಬಹುದು. ವೈಫೈ ಯಾವ ಚಾನೆಲ್ (ರೇಡಿಯೋ ತರಂಗದ ಹಾದಿ) ಬಳಸಬೇಕು, ಎಷ್ಟು ಪವರ್ ಎಂಬುದನ್ನು ಆಯಾ ದೇಶವೇ ಗೊತ್ತುಮಾಡುತ್ತದೆ. 2.4 ಗಿಗಾಹರ್ಟ್ಜ್‌ನಲ್ಲಿ ಅಮೆರಿಕದ ರೂಟರ್‌ಗಳು 1ರಿಂದ 11ರವರೆಗಿನ ಚಾನೆಲ್ ಬಳಸುತ್ತವೆ, ಯುರೋಪಿನವು 13ರವರೆಗೆ. ರೂಟರ್ 13ರಲ್ಲಿ ಕೂತಿದ್ದರೆ ಅಮೆರಿಕದಲ್ಲಿ ಕೊಂಡ ಲ್ಯಾಪ್‌ಟಾಪಿಗೆ ಆ ವೈಫೈ ಹೆಸರೇ ಕಾಣದೆ ಹೋಗಬಹುದು. ಜನ ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ.

5 ಗಿಗಾಹರ್ಟ್ಜ್‌ನಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿನ ಕೆಲವು ಚಾನೆಲ್‌ಗಳನ್ನು ಹವಾಮಾನ ರಾಡಾರ್‌ಗಳೂ ಬಳಸುತ್ತವೆ. ರಾಡಾರ್ ಸಿಗ್ನಲ್ ಕೇಳಿಸಿದ ತಕ್ಷಣ ರೂಟರ್ ಆ ಚಾನೆಲ್ ಬಿಟ್ಟು ಸರಿಯಬೇಕು. 2009ರಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ವಿಮಾನ ನಿಲ್ದಾಣದ ಹವಾಮಾನ ರಾಡಾರ್‌ಗೆ ಇಂಥ 5 ಗಿಗಾಹರ್ಟ್ಜ್ ಉಪಕರಣಗಳಿಂದಲೇ ತೊಂದರೆಯಾಗಿತ್ತು. ವಿಮಾನ ಇಳಿಯುವಾಗ ಗಾಳಿ ದಿಢೀರನೆ ತಿರುಗುವುದನ್ನು ಹಿಡಿಯುವ ರಾಡಾರ್ ಅದು. ಹಾಗಾಗಿ ಸಿಗ್ನಲ್ ಜಾಸ್ತಿ ಸಿಗಲಿ ಎಂದು ಸೆಟ್ಟಿಂಗ್‌ನಲ್ಲಿ ಬೇರೆ ದೇಶ ಆರಿಸಬೇಡಿ, ಯಾರೇ ಹೇಳಲಿ. ಜಪಾನಿಗೆ ಹೋಗುವವರು ‘ಗಿತೆಕಿ’ ಗುರುತು (ಅಲ್ಲಿನ ರೇಡಿಯೋ ನಿಯಮಕ್ಕೆ ಒಪ್ಪಿಗೆ ಸಿಕ್ಕಿದೆ ಎಂಬ ಮುದ್ರೆ) ಇರುವ ಉಪಕರಣವನ್ನೇ ಕೊಳ್ಳಬೇಕು. ಇಂಟರ್ನೆಟ್ ಕಂಪನಿಯವರು ಕೊಡುವ ರೂಟರ್ ಆದರೆ ಈ ಯಾವ ತಲೆನೋವೂ ಇಲ್ಲ.

ಡೆಸ್ಕ್‌ಟಾಪಿಗೆ ಸಿಕ್ಕಿಸುವ ಪವರ್ ಕೇಬಲ್ ತುದಿ ಎಲ್ಲಾ ಕಡೆ ಒಂದೇ. ಹೋಗುವ ದೇಶದ ಪ್ಲಗ್ ಇರುವ ಕೇಬಲ್ ಕೊಂಡರೆ ಅಡಾಪ್ಟರ್ ಬೇಡ, ಅರ್ತಿಂಗೂ ಸರಿಯಾಗಿ ಸಿಗುತ್ತದೆ. ಪ್ಯಾಕ್ ಮಾಡುವ ಮುಂಚೆ ಎಸ್‌ಎಂಪಿಎಸ್ ಲೇಬಲ್ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ.